ಸೋದರಮಾವನ ಒಂದು ದಿನದ ಸೈಪ್ರಸ್

ಅಷ್ಟು ದೂರ ಹೋಗಿ ಇಷ್ಟು ಕಡಿಮೆ ನೋಡಿಕೊಂಡು ಬಂದವರು ನನ್ನ ಸೋದರಮಾವನ ಹೊರತು ನಮ್ಮೂರು ಸಾಸಲಿನ ಸುತ್ತಮುತ್ತ ಇನ್ನೊಬ್ಬರಿಲ್ಲ! ಅವರು ಸೈನ್ಯದಲ್ಲಿ ಅಡುಗೆಯವರು. ಅರವತ್ತರ ದಶಕದಲ್ಲಿ, ಶಾಂತಿ ಕಾಯಲು ಹೋದ ಅಧಿಕಾರಿಯೊಬ್ಬರ ಜೊತೆ ಸೈಪ್ರಸ್ ಎಂಬ ದ್ವೀಪಕ್ಕೆ ಹೋದರು. ಅಲ್ಲೂ ಅಡುಗೆಮನೆಯೇ. ಒಂದೇ ಒಂದು ಭಾನುವಾರ ರಜ ಸಿಕ್ಕಿ, ಬೆಟ್ಟದ ಮೇಲಿನ ಸಣ್ಣ ಹಳ್ಳಿಯೊಂದಕ್ಕೆ ಹೋಗಿಬಂದರು. ನೋಡಿದ್ದು ಒಂದು ದಿನ, ಮಕ್ಕಳೇ, ಹೇಳಿದ್ದು ಹತ್ತು ವರ್ಷ!

ಮರಳಿದ ಮೇಲೆ ನಮ್ಮದ್ಯಾವುದೂ ಅವರಿಗೆ ಹಿಡಿಸಲಿಲ್ಲ. ನಮ್ಮ ಕಲ್ಲು ಕಲ್ಲಲ್ಲ, ನಮ್ಮ ಮೇಕೆ ಮೇಕೆಯಲ್ಲ. "ಅಲ್ಲಿ ಮೇಕೆ ಹಾಲನ್ನ ಗಟ್ಟಿ ಮಾಡಿ, ಬಾಣಲೇಲಿ ಹುರಿದು ಕೊಡ್ತಾರೆ ಕಣಮ್ಮಾ," ಎಂದು ಒಲೆಯ ಮೇಲಿದ್ದ ಹಾಲಿಗೆ ನಿಂಬೆ ಹಿಂಡಿದರು. ಆದದ್ದನ್ನು ಮೂಸಿ ನೋಡಿದ ನಾಯಿ ಎರಡು ದಿನ ಮನೆ ಕಡೆ ಸುಳಿಯಲಿಲ್ಲ!

ಅಲ್ಲಿಯ ಗಂಡಸರು ಬೀದಿಯಲ್ಲಿ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಾರಂತೆ. ಇವರೂ ನಟ್ಟನಡು ಬೀದಿಯಲ್ಲಿ ಕುರ್ಚಿ ಹಾಕಿ ಕೂತರು. ಎತ್ತಿನ ಗಾಡಿ ಬಂತು.

"ಎದ್ದೇಳಯ್ಯಾ, ಗಾಡಿ ಹೋಗ್ಬೇಕು."

"ಅಲ್ಲಿ ಗಾಡಿನೇ ಸುತ್ಕೊಂಡು ಹೋಗುತ್ತೆ ಕಣೋ!"

"ಹಂಗಾದ್ರೆ ಅಲ್ಲೇ ಹೋಗಿ ಕೂತ್ಕೊಳಯ್ಯಾ!"

ನಿಮ್ಮ ತಾತ ತೀರಿಕೊಂಡ ಎರಡನೆಯ ವರ್ಷ, ನಿಮ್ಮ ಅಮ್ಮನನ್ನು ನೋಡಲು ದೇವನಹಳ್ಳಿಯಿಂದ ಗಂಡಿನ ಕಡೆಯವರು ಬಂದರು. ಅದಕ್ಕೂ ಮೊದಲು ಎರಡು ಸಂಬಂಧ ತಪ್ಪಿಹೋಗಿದ್ದವು. ಇದೂ ತಪ್ಪಿದರೆ? ಗಂಡನಿಲ್ಲದವಳು ಶುಭದ ಹೊತ್ತಿನಲ್ಲಿ ಎದುರಿಗೆ ಬರಬಾರದೆಂದು ನಾನು ಅಡುಗೆಮನೆಯಲ್ಲೇ ಉಳಿದೆ. ಮಾವನಿಗೆ ಹಿಂದಿನ ದಿನವೇ ಕೈಮುಗಿದಿದ್ದೆ: "ನಾಳೆ ಒಂದಿನ ಆ ದ್ವೀಪ ಬಿಟ್ಬಿಡಿ, ಮಾವ."

ಬಿಟ್ಟರೇ? ಬಂದವರು ಕೂತ ಕೂಡಲೇ ಶುರು!

"ಆ ಹಳ್ಳೀಲಿ ಯಾರ ಮನೆಗೋದ್ರೂ ಮೊದ್ಲು ಸಿಹಿ. ಒಂದ್ ಭರಣಿ ತುಂಬ ಪಾಕದ ಹಣ್ಣು, ಒಂದ್ ಚಮಚ, ಒಂದ್ ಲೋಟ ನೀರು ತಂದಿಟ್ರು. ಬಡಿಸಿದ್ದನ್ನ ಬಿಟ್ರೆ ಅವಮಾನ ಅಲ್ವಾ? ಪೂರ್ತಿ ತಿಂದೆ!"

"ಭರಣೀನಾ?" ಬಂದವರಲ್ಲೊಬ್ಬರು ಕೇಳಿದರು.

"ಭರಣಿ! ಮನೆಯೋರೆಲ್ಲ ಎದ್ದು ನಿಂತು ನೋಡ್ತಿದ್ರು. ಒಂದೇ ಚಮಚ ತಿನ್ಬೇಕಿತ್ತಂತೆ. ಅದು ವರ್ಷದ ನೆಂಟರಿಗೆಲ್ಲ ಇಟ್ಟಿದ್ದು!"

ನಾನು ಸೌಟು ಹಿಡಿದು ಕಣ್ಣು ಮುಚ್ಚಿಕೊಂಡೆ. ಇಂಥ ಹೊಟ್ಟೆಬಾಕನ ಮನೆಯಿಂದ ಯಾರು ಹೆಣ್ಣು ತರುತ್ತಾರೆ? ಗಂಡಿನ ತಾಯಿ ನಗುತ್ತಾ ಕೇಳಿದರು, "ಕೊಟ್ಟೋರು ಬೈಲಿಲ್ವಾ?"

"ಇಲ್ಲ ತಾಯಿ. ಗಂಡ ಸತ್ತ ಮುದುಕಿ, ಮೈತುಂಬ ಕಪ್ಪು ಬಟ್ಟೆ. ಆದ್ರೂ ಬಂದೋರಿಗೆ ಸಿಹಿ ಕೊಡೋದು ಆಯಮ್ಮನೇ. ಮನೆ ಯಜಮಾನಿ ಅಲ್ವಾ?"

ಹೇಳುತ್ತಿದ್ದವರು ಅಲ್ಲಿಗೇ ನಿಲ್ಲಿಸಿದರು. ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ದನಿ ತಗ್ಗಿತ್ತು.

"ತಟ್ಟೆ ನೀನೇ ತಗೊಂಡ್ ಬಾ ಮಗಳೇ."

"ಬೇಡ ಮಾವ, ಸಂಬಂಧ ಕೆಡುತ್ತೆ."

"ಇಷ್ಟಕ್ಕೇ ಕೆಡೋದಾದ್ರೆ ಇವತ್ತೇ ಕೆಡ್ಲಿ."

ಕೇಸರಿಬಾತಿನ ತಟ್ಟೆ ಹಿಡಿದು ಹೊರಗೆ ಬಂದೆ. ಗಂಡಿನ ತಾಯಿ ನನ್ನ ಮುಖ ನೋಡಿದರು, ತಟ್ಟೆ ತೆಗೆದುಕೊಂಡರು, ಆಮೇಲೆ ಚಾಪೆಯ ಮೇಲೆ ಪಕ್ಕಕ್ಕೆ ಸರಿದರು. "ಕೂತ್ಕೊಳಿ, ಎಷ್ಟೊತ್ತು ನಿಂತಿರ್ತೀರಾ?" ಅಂದರು. ಅವರೇ ನಿಮ್ಮ ದೇವನಹಳ್ಳಿ ಅಜ್ಜಿ.

ಮಾವ ಮಾತ್ರ ಬಾಗಿಲಲ್ಲೇ ನಿಂತಿದ್ದರು, ಆ ದ್ವೀಪವನ್ನೂ ಮರೆತು, ನಾನು ಕೂತದ್ದನ್ನು ನೋಡುತ್ತಾ.