ಸ್ಪ್ಯಾನಿಷ್ ಬಾರದ ಭಾವನ ಸ್ಪ್ಯಾನಿಷ್ ರೇಡಿಯೋ

ನನ್ನ ಭಾವನಿಗೆ ಸ್ಪ್ಯಾನಿಷ್ ಬರುವುದಿಲ್ಲ. ಬರುವುದಿಲ್ಲ ಎಂದರೆ ಒಂದಕ್ಷರವೂ ಬರುವುದಿಲ್ಲ. ಆ ಭಾಷೆಯಲ್ಲಿ ನಮಸ್ಕಾರಕ್ಕೆ ಏನೆನ್ನುತ್ತಾರೆ ಎಂದು ಕೇಳಿದರೂ ತಬ್ಬಿಬ್ಬಾಗುತ್ತಾರೆ. ಅಂಥವರು ಹದಿನೈದು ವರ್ಷ, ಒಂದು ವಾರವೂ ತಪ್ಪದೆ, ಸ್ಪ್ಯಾನಿಷ್ ರೇಡಿಯೋದಲ್ಲಿ ಫುಟ್‌ಬಾಲ್ ಕಾಮೆಂಟರಿ ಕೇಳಿದ್ದಾರೆ! ಇಡೀ ಕತಾರಿನಲ್ಲಿ ಇಂಥ ಪುಣ್ಯಾತ್ಮ ಇವರೊಬ್ಬರೇ ಇರಬೇಕು. ಆ ಒಬ್ಬರು ಹುಡುಕಿಕೊಂಡು ಬಂದು ನನ್ನ ಅಕ್ಕನನ್ನೇ ಮದುವೆಯಾದರು ನೋಡಿ.

ಫುಟ್‌ಬಾಲ್ ಹುಚ್ಚು ಅಂದುಕೊಂಡಿರಾ? ಅದೂ ಅಲ್ಲ. ಮ್ಯಾಚ್ ಮುಗಿದ ಮೇಲೆ ಯಾರು ಗೆದ್ದರು ಎಂದು ಕೇಳಿದರೆ, "ಕೆಂಪು ಅಂಗಿಯವರು ಕಾಣ್ತದೆ" ಎನ್ನುತ್ತಾರೆ. ಅಷ್ಟೇ ಅವರ ಆಸಕ್ತಿ.

ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಅವರ ಫ್ಲ್ಯಾಟಿನಲ್ಲಿ ಶನಿವಾರ ಮಧ್ಯಾಹ್ನ ಟಿವಿ ಮೂಕ, ರೇಡಿಯೋ ವಾಚಾಳಿ. ಟಿವಿಯ ದನಿ ಪೂರ್ತಿ ಬಂದ್ ಮಾಡಿ, ಪಕ್ಕದಲ್ಲಿ ಫೋನಿಗೆ ಸ್ಪೀಕರ್ ಜೋಡಿಸಿ ಕೂರುತ್ತಿದ್ದರು. ತೊಂದರೆ ಏನೆಂದರೆ ಇಂಟರ್ನೆಟ್ಟಿನಲ್ಲಿ ಹರಿದು ಬರುವ ರೇಡಿಯೋ ಟಿವಿಗಿಂತ ಅರ್ಧ ನಿಮಿಷ ಹಿಂದೆ. ಲುಸೈಲ್ ಆಫೀಸಿನಲ್ಲಿ ವಾರವಿಡೀ ಗಂಭೀರವಾಗಿರುವ ನನ್ನ ಗಂಡ ಒಮ್ಮೆ ಸೋಫಾದಿಂದ ಎದ್ದು "ಗೋಲ್!" ಎಂದು ಕೂಗಿದರು. ಭಾವ ಅಲುಗಲಿಲ್ಲ.

"ಕೂತ್ಕೊಳ್ಳಿ ಮಾರಾಯ್ರೆ. ಇನ್ನೂ ಆಗ್ಲಿಲ್ಲ."

"ಆಯ್ತಲ್ಲ ಭಾವ! ನೋಡಿ, ಕುಣೀತಾ ಇದ್ದಾರೆ!"

"ಕುಣಿಯಲಿ. ಅವ ಹೇಳ್ಬೇಕಲ್ಲ."

ಅವ ಎಂದರೆ ರೇಡಿಯೋದವ. ನನ್ನ ಗಂಡ ಕೈ ಮೇಲೆತ್ತಿಕೊಂಡೇ ಅರ್ಧ ನಿಮಿಷ ಕಾದರು. ಆಮೇಲೆ ಸ್ಪೀಕರಿನಿಂದ ಆ ಮಹಾನುಭಾವನ "ಗೋ" ಹೊರಟಿತು. ನಾನು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟು ವಾಪಸು ಬಂದರೂ "ಲ್" ಬಂದಿರಲಿಲ್ಲ! ಭಾವ ಕಣ್ಣು ಮುಚ್ಚಿ ಕೂತಿದ್ದರು.

ಈ ರೋಗ ಅಂಟಿದ್ದು ಅವರ ಕಂಪನಿಯ ಸ್ಟೋರಿನಲ್ಲಿ. ಭಾವ ಸ್ಟೋರ್‌ಕೀಪರ್. ಅಲ್ಲೊಬ್ಬ ಕೊಲಂಬಿಯಾದ ಎಂಜಿನಿಯರ್, ಪುಟ್ಟ ಸ್ಪೀಕರಿನಲ್ಲಿ ಸ್ಪೇನಿನ ರೇಡಿಯೋದ ಕಾಮೆಂಟರಿ ಹಾಕಿಕೊಂಡು ಕೆಲಸ ಮಾಡುತ್ತಿದ್ದನಂತೆ. ಅವನು ಕೇಳಿದ ಬೋಲ್ಟುಗಳನ್ನು ಕೊಡಲು ಹೋದ ನಮ್ಮ ಭಾವ ಬೋಲ್ಟು ಹಿಡಿದುಕೊಂಡೇ ಮುಕ್ಕಾಲು ಗಂಟೆ ನಿಂತರು. ಆಗ ಆ ರೇಡಿಯೋಗೆ ಒಳ್ಳೆಯ ಕಾಲ. ಒಂದು ಮ್ಯಾಚಿಗೆ ಐದಾರು ಜನ. ಒಬ್ಬ ಆಟ ಹೇಳುವವ, ಒಬ್ಬ ಮೈದಾನದ ಅಂಚಿನಲ್ಲಿ ನಿಂತು ಓಡೋಡಿ ಸುದ್ದಿ ತರುವವ, ನಡುವೆ ನುಗ್ಗಿ ಜಾಹೀರಾತನ್ನು ಹಾಡಿಯೇ ಬಿಡುವವ ಇನ್ನೊಬ್ಬ. ಭಾಷೆ ಗೊತ್ತಿಲ್ಲದಿದ್ದರೂ ಯಾರ ಕೆಲಸ ಯಾವುದೆಂದು ಭಾವ ಮೊದಲ ದಿನವೇ ಹೇಳಿದ್ದರಂತೆ.

ಜಾಹೀರಾತಿನ ಹಾಡೊಂದು ಅವರ ನಾಲಿಗೆಗೆ ಅಂಟಿಕೊಂಡಿತು. ಸ್ನಾನಕ್ಕೆ ಅದೇ, ತೆಂಗಿನಕಾಯಿ ತುರಿಯುವಾಗಲೂ ಅದೇ. ಚೌತಿಯ ದಿನ ಗಣಪತಿಗೆ ಆರತಿ ಎತ್ತುವಾಗಲೂ ಅದನ್ನೇ ಗುನುಗಿದರು. ಊಟಕ್ಕೆ ಬಂದಿದ್ದ ಕೊಲಂಬಿಯಾದವನು ಕಡುಬು ಗಂಟಲಿಗೆ ಸಿಕ್ಕುವಷ್ಟು ನಕ್ಕ. ಅದು ಕಟ್ಟಿಸಿದ ಹಲ್ಲು ಅಂಟಿಸುವ ಪೇಸ್ಟಿನ ಜಾಹೀರಾತಂತೆ!

ಅಕ್ಕ ಹೇಳಿದಳು: "ಒಳ್ಳೇದೇ ಆಯ್ತು. ಇನ್ನು ಕೆಲವು ವರ್ಷಕ್ಕೆ ನಿಮಗೇ ಬೇಕಾಗ್ತದೆ."

ಇಷ್ಟೆಲ್ಲ ನಗುವ ನಮಗೆ ಕಾರಣ ಗೊತ್ತಿರಲಿಲ್ಲವೇ? ಗೊತ್ತಿತ್ತು. ಊರಲ್ಲಿ ಭಾವ ಕಂಬಳದ ಕಾಮೆಂಟರಿಯವರು. ಕೆಸರುಗದ್ದೆಯಲ್ಲಿ ಕೋಣಗಳು ಬಿಟ್ಟ ಬಾಣದಂತೆ ಬರುವಾಗ ಮೈಕಿನಲ್ಲಿ ಅವರ ದನಿ ಕೋಣಗಳಿಗಿಂತ ಒಂದು ಹೆಜ್ಜೆ ಮುಂದೆ ಓಡುತ್ತಿತ್ತು. ಇವರ ಬಾಯಲ್ಲಿ ತಮ್ಮ ಮನೆಯ ಹೆಸರು ಬರಲಿ ಎಂದು ಕೋಣದ ಯಜಮಾನರು ಕಾಯುತ್ತಿದ್ದರು. ನನ್ನ ಅಕ್ಕ ಮದುವೆಗೆ ಒಪ್ಪಿದ್ದೂ ಆ ದನಿಗೇ. ಮುಖ ನೋಡಿ ಅಂತೂ ಅಲ್ಲ. ಎರಡು ವರ್ಷಕ್ಕೆಂದು ಕತಾರಿಗೆ ಬಂದರು, ಮೈಕ್ ಊರಲ್ಲಿ ಉಳಿಯಿತು. ಸ್ಟೋರ್‌ಕೀಪರಿಗೆ ಮೈಕ್ ಯಾಕೆ? ಬೋಲ್ಟು ಎಣಿಸಲಿಕ್ಕೆ ದನಿ ಬೇಡ.

ಈಗ ನನ್ನ ಪಾಪದ ಕಥೆ ಹೇಳಿಬಿಡುತ್ತೇನೆ. ಎಷ್ಟು ದಿನ ಮುಚ್ಚಿಡಲಿ?

ಕೆಲವು ವರ್ಷದ ಹಿಂದೆ ಇಲ್ಲಿನ ನಮ್ಮ ಕನ್ನಡಿಗರ ಸಂಘದ ಕ್ರೀಡಾಕೂಟ. ನಾನು ಕಾರ್ಯದರ್ಶಿ. ಕುತ್ತಿಗೆಯಲ್ಲಿ ಬ್ಯಾಡ್ಜು, ತಲೆಯಲ್ಲಿ ಕೊಂಬು. ನಿರೂಪಣೆಗೆ ಚಂದ ಇಂಗ್ಲಿಷ್ ಮಾತಾಡುವ ಹುಡುಗಿಯನ್ನು ಕರೆಸಿದ್ದೆ. ಭಾವ ಹತ್ತಿರ ಬಂದು, "ಹಗ್ಗಜಗ್ಗಾಟಕ್ಕೆ ಮಾತ್ರ ನಂಗೆ ಮೈಕ್ ಕೊಡ್ತೀಯಾ?" ಎಂದರು. ಹದಿನೈದು ವರ್ಷದಲ್ಲಿ ಅವರು ನನ್ನ ಬಳಿ ಕೇಳಿದ್ದು ಅದೊಂದೇ. ಕೊಟ್ಟೆ.

ಶುರುಮಾಡಿದರು ನೋಡಿ! ತುಳು, ಕನ್ನಡ, ಕಂಬಳದ ಓಟ, ಸ್ಪೇನಿನವನ ಎಳೆತ ಎಲ್ಲ ಸೇರಿದ ಒಂದು ಬಿರುಗಾಳಿ. ಮುಐದರ್ ಬಡಾವಣೆಯ ತಂಡದ ದಪ್ಪ ಅಕೌಂಟೆಂಟನನ್ನು ಅವರು ಕೋಣಕ್ಕೆ ಹೋಲಿಸಿ ಹೊಗಳಿದ ಹೊಗಳಿಕೆಗೆ ಆತ ಹಗ್ಗ ಬಿಟ್ಟು ಕೈಮುಗಿದ. ತಂಡ ಇಡೀ ಮಗುಚಿ ಬಿತ್ತು! ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಚಹಾದ ಅಂಗಡಿಯಲ್ಲಿದ್ದವರೂ ಗ್ಲಾಸು ಹಿಡಿದು ಓಡಿ ಬಂದರು. ನನಗೆ ಮಾತ್ರ ಮುಂದಿನ ಸಾಲಿನ ಅತಿಥಿಗಳ ಮುಖ ಕಂಡಿತು. ಅವರಿಗೆ ಭಾಷೆ ಅರ್ಥವಾಗುತ್ತಿರಲಿಲ್ಲ. "ಮಮ್ಮಿ, ದೊಡ್ಡಪ್ಪ ಯಾಕೆ ಕಿರುಚ್ತಾ ಇದ್ದಾರೆ?" ಎಂದು ನನ್ನ ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ನನಗೆ ನಾಚಿಕೆಯಾಯಿತು. ಇನ್ನೂ ಒಂದು ಸುತ್ತು ಬಾಕಿಯಿತ್ತು. ನಾನು ಹೋಗಿ, "ಭಾವ, ಖಲಾಸ್. ಸಾಕು" ಎಂದು ಮಾತಿನ ನಡುವೆಯೇ ಕೈಚಾಚಿದೆ.

ಭಾವ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ಕೋಪ ಮಾಡಲಿಲ್ಲ. ಮಾಡಬೇಕಿತ್ತು. ಆಮೇಲೆ ಎಷ್ಟೋ ಕ್ರೀಡಾಕೂಟ ಆಯಿತು, ಅವರು ಕುರ್ಚಿ ಜೋಡಿಸಲು ಬಂದರು, ಮೈಕಿನ ಕಡೆ ತಲೆಯೆತ್ತಿಯೂ ನೋಡಲಿಲ್ಲ. ಕ್ಷಮೆ ಕೇಳಬೇಕೆಂದು ಪ್ರತಿ ಸಲವೂ ಅಂದುಕೊಂಡೆ. ಅಂದುಕೊಂಡದ್ದಷ್ಟೇ ಬಂತು.

ಅತ್ತ ರೇಡಿಯೋ ಸೊರಗುತ್ತ ಬಂತು. ಕೊಲಂಬಿಯಾದವನು ಕೆಲಸ ಮುಗಿಸಿ ದೇಶಕ್ಕೆ ಹೋದ. ಐದಾರು ದನಿಗಳಿದ್ದಲ್ಲಿ ಮೂರಾದವು. ಜಾಹೀರಾತು ಹಾಡುವವ ಎಲ್ಲಿ ಹೋದನೋ, ಮುದ್ರಿಸಿಟ್ಟ ಸಂಗೀತ ಬರತೊಡಗಿತು. ಒಂದು ಶನಿವಾರ ಭಾವ ಕಿವಿಯನ್ನು ಸ್ಪೀಕರಿಗೆ ಹಚ್ಚಿ, "ಇವರು ಮೈದಾನದಲ್ಲಿ ಇಲ್ಲ. ರೂಮಿನಲ್ಲಿ ಕೂತು ಟಿವಿ ನೋಡಿ ಹೇಳುದು" ಎಂದರು.

"ನಿಮಗೆ ಹೇಗೆ ಗೊತ್ತು?"

"ಓಡುವವರನ್ನು ಎದುರಲ್ಲಿ ನೋಡಿದ್ರೆ ಹೇಳುವವನಿಗೆ ಉಸಿರು ಕಟ್ತದೆ. ಇವರಿಗೆ ಕಟ್ಟುದಿಲ್ಲ."

ಮಗಳು ಇಂಟರ್ನೆಟ್ಟಿನಲ್ಲಿ ಹುಡುಕಿ ನೋಡಿದಳು. ಅವರೆಂದದ್ದು ನಿಜ! ಬರಬರುತ್ತ ಆಟ ಹೇಳುವುದೇ ಕಡಿಮೆಯಾಗಿ, ಇಬ್ಬರು ಕೂತು ಗಂಟೆಗಟ್ಟಲೆ ಜಗಳವಾಡುವ ಕಾರ್ಯಕ್ರಮಗಳಾದವು. ಅಂಥ ಜಗಳ ಕೇಳಲು ಸ್ಪೇನ್ ಯಾಕೆ, ನಮ್ಮ ಸಂಘದ ಮೀಟಿಂಗೇ ಇದೆಯಲ್ಲ!

ಕೊನೆಗೆ ಆ ಉದ್ದನೆಯ ಗೋಲಿನವ ಒಬ್ಬನೇ ಉಳಿದಿದ್ದ. ಈ ವರ್ಷ ಒಂದು ಶನಿವಾರ ನಾನು ಪತ್ರೊಡೆ ಕೊಡಲು ಹೋದಾಗ ಮ್ಯಾಚ್ ಮುಗಿದಿತ್ತು, ರೇಡಿಯೋದವ ಇನ್ನೂ ಮಾತಾಡುತ್ತಿದ್ದ. ಎಂದಿನಂತೆ ಓಡುತ್ತಿರಲಿಲ್ಲ, ನಿಧಾನ. ನಡುನಡುವೆ ನಿಲ್ಲುತ್ತಿದ್ದ. ಆಮೇಲೆ ಸುಮ್ಮನಾದ. ಸಂಗೀತ ಬಂತು. ಭಾವ ಸ್ಪೀಕರ್ ಆರಿಸಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಏನಾಯ್ತು ಭಾವ?"

"ಇವತ್ತಿಗೆ ಮುಗೀತು ಅವನದ್ದು. ಇನ್ನು ಬರುದಿಲ್ಲ."

"ನಿಮಗೆ ಸ್ಪ್ಯಾನಿಷ್ ಯಾವಾಗ ಅರ್ಥವಾಯ್ತು?" ನಾನು ನಗಿಸಲು ನೋಡಿದೆ.

"ಅರ್ಥ ಆಗ್ಲಿಕ್ಕೆ ಎಂತ ಉಂಟು ಮಾರಾಯ್ತಿ? ಮೈಕ್ ಕೆಳಗಿಡುವವನ ಸ್ವರ ನಂಗೆ ಗೊತ್ತಾಗುದಿಲ್ವಾ?"

ಚುಚ್ಚಿ ಹೇಳಿದ ಮಾತಲ್ಲ. ಆದರೂ ಕೈಯಲ್ಲಿದ್ದ ಪತ್ರೊಡೆಯ ಡಬ್ಬಿಯನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ಮುಂದಿನ ಶನಿವಾರ ನಾವೆಲ್ಲ ಅಲ್ಲಿದ್ದೆವು. ಟಿವಿ ಎಂದಿನಂತೆ ಮೂಕ. ಫೋನ್ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು. ಯಾರೋ ಗೋಲು ಹೊಡೆದರು, ಕುಣಿದರು, ಒಬ್ಬರ ಮೇಲೊಬ್ಬರು ಬಿದ್ದರು. ನನ್ನ ಗಂಡ ಕೂಗಲಿಲ್ಲ. ಅರ್ಧ ನಿಮಿಷ ಕಾದು ಅಭ್ಯಾಸವಾಗಿತ್ತಲ್ಲ, ಎಲ್ಲರೂ ಕಾದೆವು. ಅರ್ಧ ನಿಮಿಷವಾಯಿತು, ಒಂದು ನಿಮಿಷವೂ ಆಯಿತು.

"ಆಯ್ತಾ ಭಾವ?" ಎಂದೆ.

"ಯಾರೂ ಹೇಳ್ಲಿಲ್ಲ. ಮತ್ತೆ ಹೇಗೆ ಆಗುದು?"

ನಾನು ಎದ್ದೆ. ಟೀಪಾಯಿಯ ಮೇಲಿದ್ದ ಟಿವಿ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದೆ. "ನೀವು ಹೇಳಿ ಭಾವ. ನನ್ನದು ತಪ್ಪಾಯ್ತು."

ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಭಾವ ರಿಮೋಟನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. ಬಾಯಿಯ ಹತ್ತಿರ ಒಯ್ದು ಗಂಟಲು ಸರಿಮಾಡಿಕೊಂಡರು. ಆಮೇಲೆ ಏನೋ ನೆನಪಾದವರಂತೆ ತಡೆದು ನನ್ನ ಮುಖ ನೋಡಿದರು.

"ಪೂರ್ತಿ ಹೇಳ್ಬಹುದಾ?"

ನಾನು ಹೂಂ ಎಂದು ತಲೆಯಾಡಿಸಿದೆ.