ಫೈನಲೈಸ್ ಆಗದ ಫೈನಲ್ ಪಂದ್ಯ

ಯಂತ್ರಗಳ ವಿಷಯದಲ್ಲಿ ನನ್ನದು ಎತ್ತಿದ ಕೈ. ಮನೆಯಲ್ಲಿ ಮನುಷ್ಯರು ನನ್ನ ಮಾತು ಕೇಳದೇ ಇರಬಹುದು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರಗಳೆಲ್ಲ ನನ್ನನ್ನು ಕಂಡರೆ ಗಡಗಡ ನಡುಗುತ್ತವೆ. ಹಾಗೆ ನಡುಗಿಯೇ ಎರಡು ಮಿಕ್ಸಿಗಳು ಪ್ರಾಣ ಬಿಟ್ಟವು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದು ಅವಳ ಅಭಿಪ್ರಾಯ. ಆದ್ದರಿಂದ, ಇಪ್ಪತ್ತೆರಡು ವರ್ಷ ಹಳೆಯ ವಿಡಿಯೊ ಟೇಪೊಂದನ್ನು ಡಿಸ್ಕಿಗೆ ಇಳಿಸುವ ಪ್ರಶ್ನೆ ಬಂದಾಗ ನಾನು ಎದೆ ತಟ್ಟಿಕೊಂಡು ಘೋಷಿಸಿದೆ.

"ಭಾನುವಾರದೊಳಗೆ ಆ ಟೇಪು ಡಿಸ್ಕಾಗದಿದ್ರೆ ನನ್ನ ಹೆಸರೇ ಬದಲಾಯಿಸು!"

"ಏನಂತ ಇಡ್ಲಿ, ಈಗ್ಲೇ ಹೇಳ್ಬಿಡಿ," ಎಂದಳು ಹೆಂಡತಿ.

ಆ ಟೇಪಿನ ಮಹಿಮೆ ಸಾಮಾನ್ಯದ್ದಲ್ಲ. ನನ್ನ ಹೆಂಡತಿ ಕಾಲೇಜಿನಲ್ಲಿದ್ದಾಗ ವಾಲಿಬಾಲ್ ಆಡುತ್ತಿದ್ದಳು. ಒಂದು ವರ್ಷ ಅವಳ ತಂಡ ಅಂತರಕಾಲೇಜು ಕಪ್ಪು ಗೆದ್ದಿತು. ಫೈನಲ್ ಪಂದ್ಯದ ಕೊನೆಯ ಪಾಯಿಂಟು ಹೊಡೆದದ್ದು ತಾನು ಎಂದು ಇವಳು. ಅಲ್ಲ, ತಾನು ಎಂದು ತಂಡದ ಕ್ಯಾಪ್ಟನ್. ಇಬ್ಬರೂ ಜೀವದ ಗೆಳತಿಯರು. ಫೋನಿನಲ್ಲಿ ಮಕ್ಕಳ ಓದು, ಮಂಡಿನೋವು, ಹೊಸ ಪರದೆಗಳ ಬಣ್ಣ ಎಲ್ಲ ಮುಗಿದ ಮೇಲೆ ಈ ಪಾಯಿಂಟಿನ ಜಗಳ ಶುರುವಾಗುತ್ತದೆ. ಯಾರಾದರೊಬ್ಬರು ಫೋನು ಕುಕ್ಕಿದಾಗ ಮುಗಿಯುತ್ತದೆ. ನಾನೊಮ್ಮೆ, "ಹೋಗ್ಲಿ ಬಿಡೇ, ಒಂದು ಪಾಯಿಂಟು ತಾನೆ?" ಎಂದುಬಿಟ್ಟೆ. ಅವಳ ಕಣ್ಣು ತುಂಬಿತು. "ಅಷ್ಟು ಜನ ಎದ್ದು ನಿಂತು ನನಗೆ ಚಪ್ಪಾಳೆ ತಟ್ಟಿದ್ದು ಜೀವನದಲ್ಲಿ ಅದೊಂದೇ ಸಲ ರೀ," ಎಂದಳು. ಅವತ್ತಿನಿಂದ ನಾನೂ ಆ ಪಾಯಿಂಟಿನ ಪಕ್ಷದವನೇ.

ಪಂದ್ಯದ ಚಿತ್ರ ತೆಗೆದ ಮಹಾನುಭಾವ ನಾನೇ. ಆದರೆ ಕೊನೆಯ ಪಾಯಿಂಟು ಹೊಡೆದದ್ದು ಯಾರೆಂದು ಕೇಳಿದರೆ ನನಗೂ ನೆನಪಿಲ್ಲ. ಆಗ ಆ ಕಾಲೇಜಿನ ಕಚೇರಿಯಲ್ಲಿ ಹೊಸದಾಗಿ ಸೇರಿದ್ದ ಗುಮಾಸ್ತ ನಾನು. ಕಾಲೇಜಿನ ಭಾರೀ ಕ್ಯಾಮೆರಾ ಹೊರುವಂಥ ಭುಜ ಬೇರೆ ಯಾರಿಗೂ ಇರಲಿಲ್ಲ. ಟೇಪು ಕಚೇರಿಯ ಬೀರುವಿನಲ್ಲಿ ಹೂತುಹೋಗಿತ್ತು. ಕಳೆದ ತಿಂಗಳು ಬೀರು ಖಾಲಿ ಮಾಡುವಾಗ ಸಿಕ್ಕಿತು. ಹೆಂಡತಿ ಕುಣಿದಾಡಿದಳು. ಕ್ಯಾಪ್ಟನ್‌ಗೆ ಸುದ್ದಿ ಹೋಯಿತು.

"ಭಾನುವಾರ ಇಡೀ ತಂಡ ನಮ್ಮನೇಲಿ ಸೇರೋಣ ಕಣೇ. ಟೇಪ್ ಹಾಕೋ ಯಂತ್ರ ನಮ್ಮಲ್ಲಿಲ್ಲ, ಡಿಸ್ಕ್ ಮಾಡ್ಸ್ಕೊಂಡು ಬಾ. ಆದ್ರೆ ಒಂದು ಶರತ್ತು! ಯಾರೂ ಮೊದ್ಲೇ ನೋಡಬಾರದು. ನಿನ್ನ ಗಂಡನೂ ನೋಡಬಾರದು. ಅವರು ಕತ್ತರಿ ಆಡಿಸಿಬಿಟ್ರೆ?"

ನಾನು ಹೊಸ ಡಿಸ್ಕ್ ರೆಕಾರ್ಡರನ್ನೇ ತಂದೆ. ಅಂಗಡಿಯಾತ ಕೇಳಿದ. "ಡಿಸ್ಕು ಪ್ಲಸ್ ಕೊಡ್ಲಾ, ಮೈನಸ್ ಕೊಡ್ಲಾ ಸಾರ್?"

ವ್ಯತ್ಯಾಸ ಏನೆಂದು ಕೇಳಿದರೆ ನನ್ನ ಮರ್ಯಾದೆ ಏನಾಗಬೇಕು? ಕಳೆಯುವುದಕ್ಕಿಂತ ಕೂಡುವುದೇ ಲೇಸೆಂದು, "ಪ್ಲಸ್!" ಎಂದು ಗುಡುಗಿದೆ.

"ಸರಿ. ಕೊನೇಲಿ ಫೈನಲೈಸ್ ಮಾಡೋದು ಮರೀಬೇಡಿ ಸಾರ್."

"ನನಗೆ ಹೇಳಿಕೊಡ್ತೀಯೇನಪ್ಪಾ?" ಎಂದು ನಕ್ಕು ಬಂದೆ.

ಪಕ್ಕದ ಮನೆಯಿಂದ ಹಳೆಯ ಟೇಪ್ ಪ್ಲೇಯರು ಎರವಲು ತಂದು, ಎರಡು ಯಂತ್ರಗಳಿಗೂ ವೈರುಗಳ ಗಂಟು ಹಾಕಿದೆ. ಶರತ್ತಿಗೆ ತಕ್ಕಂತೆ ಹೆಂಡತಿ ಟಿವಿಯ ಮೇಲೆ ಬೆಡ್‌ಶೀಟು ಹೊದಿಸಿ, ದನಿಯನ್ನೂ ಅಡಗಿಸಿ, ನನ್ನನ್ನು ಅಡುಗೆಮನೆಗೆ ಅಟ್ಟಿ, ತಾನೇ ಬಾಗಿಲಲ್ಲಿ ಕಾವಲು ಕುಳಿತಳು. ಪಂದ್ಯ ಮುಗಿಯುವ ಹೊತ್ತಿಗೆ ಒಳಗೆ ಹೋಗಿ ಶೀಟು ಎತ್ತಿದೆ. ಪರದೆ ನೀಲಿಯಾಗಿತ್ತು. ಯಂತ್ರ ವಿನಯದಿಂದ ಕೇಳುತ್ತಿತ್ತು: ಡಿಸ್ಕನ್ನು ಫೈನಲೈಸ್ ಮಾಡಲೇ? ಮಾಡಿದ ಮೇಲೆ ಇದರಲ್ಲಿ ಇನ್ನೇನನ್ನೂ ತುಂಬಲಾಗದು. ಉಳಿದಿರುವ ಜಾಗ: ಹನ್ನೆರಡು ನಿಮಿಷ.

ಹನ್ನೆರಡು ನಿಮಿಷ! ಹಲ್ಲುಜ್ಜುವ ಪೇಸ್ಟಿನ ಟ್ಯೂಬನ್ನು ಬಾಗಿಲಿನ ಸಂದಿಗೆ ಸಿಕ್ಕಿಸಿ ಹಿಂಡುವ ವಂಶ ನಮ್ಮದು. ಹನ್ನೆರಡು ನಿಮಿಷಗಳ ಖಾಲಿ ಜಾಗಕ್ಕೆ ಬೀಗ ಜಡಿಯುವುದೆಂದರೇನು? ಮುಂದೆ ಏನಾದರೂ ತುಂಬಿಸಿಕೊಳ್ಳಬಹುದಲ್ಲ! ಬೇಡ ಎಂದು ಒತ್ತಿದೆ. ಅಷ್ಟರಲ್ಲಿ ಪಕ್ಕದ ಯಂತ್ರ ಕರಕರ ಸದ್ದು ಮಾಡಿತು. ಟೇಪನ್ನು ಹಿಂದಕ್ಕೆ ಸುತ್ತುವ ಬದಲು ಅದು ಅಗಿದು ನುಂಗುತ್ತಿತ್ತು. ಎಳೆದಾಗ ನನ್ನ ಕೈಗೆ ಬಂದದ್ದು ಕಪ್ಪು ರಿಬ್ಬನ್ನಿನ ಒಂದು ಗೊಂಚಲು ಮಾತ್ರ.

"ಪರವಾಗಿಲ್ಲ, ಡಿಸ್ಕ್ ಇದೆಯಲ್ಲ!" ಎಂದೆ. ಲೋಕದಲ್ಲಿ ಉಳಿದಿದ್ದ ಏಕೈಕ ಸಾಕ್ಷಿ ಅದೇ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕ್ಯಾಪ್ಟನ್ ಮನೆ. ಸೋಫಾ, ಕುರ್ಚಿ, ನೆಲ ಎಲ್ಲ ಸೇರಿ ಹನ್ನೆರಡು ಮಂದಿ ಮಾಜಿ ಆಟಗಾರ್ತಿಯರು. ಕ್ಯಾಪ್ಟನ್ನಿನ ಗಂಡ ಹಲ್ಲಿನ ಡಾಕ್ಟರು, ಮಿತಭಾಷಿ. ನಾನು ಡಿಸ್ಕನ್ನು ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿ ಪ್ಲೇಯರಿಗೆ ಅರ್ಪಿಸಿದೆ. ಅದು ನುಂಗಿತು. ಗರ್‌ರ್ ಎಂದಿತು. ಪರದೆಯ ಮೇಲೆ ಅಕ್ಷರಗಳು ಮೂಡಿದವು: ಡಿಸ್ಕ್ ಇಲ್ಲ.

"ಈಗ ತಾನೇ ನುಂಗಿದ್ಯಲ್ಲೋ!" ಎಂದು ಕೂಗಿದೆ.

"ಸಾಕ್ಷಿ ಹಾಜರಾಗ್ಲಿಲ್ಲ. ಕೇಸ್ ವಜಾ!" ಎಂದಳು ಕ್ಯಾಪ್ಟನ್.

ಹೆಂಡತಿಯ ಮುಖ ಬಾಡಿತು. ನನಗೆ ರೋಷ ಉಕ್ಕಿತು. ಡಾಕ್ಟರು ಹತ್ತಿಯಿಂದ ಡಿಸ್ಕನ್ನು ಒರೆಸಿಕೊಟ್ಟರು. ಡಿಸ್ಕ್ ಇಲ್ಲ. ತಿರುವಿ ಹಾಕಿದೆ. ಡಿಸ್ಕ್ ಇಲ್ಲ. ಊದಿದೆ, ಉಜ್ಜಿದೆ, ಬಿಸಿಲಿಗೆ ಹಿಡಿದೆ. ಇಲ್ಲವೆಂದರೆ ಇಲ್ಲ! ಮೇಲಿನ ಮನೆಯ ಬಾಡಿಗೆದಾರರ ಪ್ಲೇಯರನ್ನು ಬೇಡಿ ತಂದೆವು. ಅದರ ಸ್ವಭಾವವೇ ಬೇರೆ. ಡಿಸ್ಕನ್ನು ಒಳಗೆಳೆದುಕೊಂಡು, ಎರಡು ಸುತ್ತು ತಿರುಗಿಸಿ, ಬಾಯಿ ಬಿಗಿದು ಕುಳಿತುಬಿಟ್ಟಿತು. ಯಾವ ಗುಂಡಿ ಒತ್ತಿದರೂ ಬಾಯಿ ತೆರೆಯಲೊಲ್ಲದು.

"ರೀ, ಟೇಪೂ ಹೋಯ್ತು, ಈಗ ಡಿಸ್ಕೂ ಹೋಯ್ತಾ?" ಹೆಂಡತಿಯ ದನಿ ನಡುಗಿತು.

ಆಗ ಎದ್ದರು ನೋಡಿ ಡಾಕ್ಟರು! ಕೈಗವಸು ತೊಟ್ಟು, ಹಣೆಗೆ ದೀಪ ಕಟ್ಟಿ, ಮೊಂಡು ಇಕ್ಕಳ ಹಿಡಿದು ಪ್ಲೇಯರಿನ ಮುಂದೆ ಮಂಡಿಯೂರಿದರು. ಅಭ್ಯಾಸಬಲದಿಂದ, "ಸ್ವಲ್ಪ ನೋವಾಗುತ್ತೆ," ಎಂದು ಅದಕ್ಕೆ ಹೇಳಿದರು ಕೂಡ. ಐದು ನಿಮಿಷದಲ್ಲಿ ಡಿಸ್ಕು ಹೊರಬಂತು, ಗೀರೂ ಇಲ್ಲದೆ. ಹನ್ನೆರಡು ಮಂದಿ ಚಪ್ಪಾಳೆ ತಟ್ಟಿದರು.

ಕೊನೆಗೆ ಅಂಗಡಿಯಾತನಿಗೆ ಫೋನು ಮಾಡಿದೆ. ಕ್ಯಾಪ್ಟನ್ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದಳು.

"ಫೈನಲೈಸ್ ಮಾಡಿದ್ರಾ ಸಾರ್?"

"ಅದು... ಹನ್ನೆರಡು ನಿಮಿಷ ಖಾಲಿ ಇತ್ತಪ್ಪಾ..."

"ಹೇಳಿದ್ನಲ್ಲ ಸಾರ್! ಮಾಡದೇ ಇದ್ರೆ ಬರೆದ ಯಂತ್ರ ಬಿಟ್ಟು ಬೇರೆ ಕಡೆ ಓಡೋದು ಕಷ್ಟ."

ಇಪ್ಪತ್ತನಾಲ್ಕು ಕಣ್ಣುಗಳು ನನ್ನತ್ತ ತಿರುಗಿದವು. ಎರಡು ಕಣ್ಣುಗಳಲ್ಲಿ ಮಾತ್ರ ಬೆಂಕಿಯಿತ್ತು.

"ಹನ್ನೆರಡು ನಿಮಿಷ ಉಳಿಸೋಕೆ ಹೋಗಿ ನನ್ನ ಇಪ್ಪತ್ತೆರಡು ವರ್ಷ ಹಾಳು ಮಾಡ್ತಿದ್ರಲ್ಲ ರೀ! ಏನು ತುಂಬಿಸ್ಬೇಕು ಅಂತಿದ್ರಿ ಅದ್ರಲ್ಲಿ? ನಿಮ್ಮ ಬುದ್ಧಿವಂತಿಕೆನಾ? ಅದಕ್ಕೆ ಅಷ್ಟು ಜಾಗ ಯಾಕೆ ಬೇಕು?"

"ನಾನೀಗಲೇ ಮನೆಗೆ ಹೋಗಿ ಯಂತ್ರ ತರ್ತೀನಿ!"

"ನೀವು ಒಬ್ರೇ ಹೋಗೋದು ಬೇಡ," ಎಂದಳು ಕ್ಯಾಪ್ಟನ್. "ದಾರೀಲಿ ಇನ್ನೇನು ಉಳಿಸ್ತೀರೋ! ನಡೀರೇ, ಎಲ್ಲರೂ ಅಲ್ಲಿಗೇ ಹೋಗೋಣ."

ನಮ್ಮ ಮನೆ ಮೂರನೇ ಮಹಡಿಯಲ್ಲಿದೆ. ಲಿಫ್ಟು ಕೆಟ್ಟು ಕೂತು ಎರಡು ವಾರವಾಗಿತ್ತು. ಒಂದು ಕಾಲದಲ್ಲಿ ಆಕಾಶಕ್ಕೆ ಜಿಗಿಯುತ್ತಿದ್ದ ಚಾಂಪಿಯನ್ ತಂಡ ಪ್ರತಿ ಮಹಡಿಗೂ ನಿಂತು, ಸೊಂಟ ಹಿಡಿದು, ಪರಸ್ಪರ ಬೈದುಕೊಂಡು, ನಕ್ಕು ನಕ್ಕು ಮೇಲೇರಿತು. ಬಾಗಿಲು ತೆಗೆದರೆ ನಡುಮನೆಗೆ ಅಡ್ಡವಾಗಿ ಕಟ್ಟಿದ ಹಗ್ಗದ ಮೇಲೆ ನನ್ನ ಆರು ಬನಿಯನ್ನುಗಳು ಅತಿಥಿಗಳನ್ನು ಸ್ವಾಗತಿಸಿದವು.

"ನೆಟ್ಟು ಆಗ್ಲೇ ಕಟ್ಟಿದ್ದೀರ!" ಎಂದಳು ಒಬ್ಬಳು.

ಹೆಂಡತಿ ಅವನ್ನು ಬಾಚಿ ಒಳಗೆಸೆದಳು. ನಾನು ಡಿಸ್ಕು ಹಾಕಿದೆ. ಯಂತ್ರ ತನ್ನ ಕೂಸನ್ನು ಕೂಡಲೇ ಗುರುತು ಹಿಡಿಯಿತು. ಮೈದಾನ ಮೂಡಿತು. ತಂಡ ಸಾಲಾಗಿ ನಿಂತಿತ್ತು. ಎಲ್ಲರೂ ಕಿರುಚಿದರು. ಆಮೇಲೆ ಆಟ ಶುರುವಾಯಿತು. ಪರದೆಯ ಮೇಲೆ ನನ್ನ ಹೆಂಡತಿ. ಜಡೆ ಬಿಗಿಯುತ್ತಿರುವ ಹೆಂಡತಿ. ಬೆವರು ಒರೆಸುತ್ತಿರುವ ಹೆಂಡತಿ. ಚೆಂಡು ಎಲ್ಲೋ ದಪ್ ಎನ್ನುತ್ತಿತ್ತು, ಜನ ಎಲ್ಲೋ ಕೂಗುತ್ತಿದ್ದರು. ಪರದೆ ತುಂಬ ಇವಳೊಬ್ಬಳೇ!

"ಚೆಂಡೆಲ್ಲಿ?" ಎಂದಳು ಒಬ್ಬಳು.

"ನಾವೆಲ್ಲಿ?" ಎಂದರು ಉಳಿದವರು.

ಒಬ್ಬೊಬ್ಬರಾಗಿ ತಿರುಗಿ ನನ್ನನ್ನು ನೋಡತೊಡಗಿದರು. ನನ್ನ ಕಿವಿಗಳು ಕಾದ ಹೆಂಚಾದವು. ಆಗ ನಮಗೆ ಪರಿಚಯ ಕೂಡ ಇರಲಿಲ್ಲ ಸ್ವಾಮಿ! ಕ್ಯಾಮೆರಾ ತಾನಾಗಿಯೇ ಆ ಕಡೆ ವಾಲುತ್ತಿತ್ತು, ಅಷ್ಟೇ.

ಕೊನೆಯ ಸೆಟ್ಟು ಬಂತು. ಇವಳು ಜಿಗಿದು ಕೈ ಬೀಸಿದಳು. ಎಂಥ ಹೊಡೆತ! ಘೋಷಕನ ದನಿ ಮೊಳಗಿತು: "ಹದಿನಾಲ್ಕು–ಹದಿಮೂರು!" ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಳಿಯುವಾಗ ಇವಳ ಕಾಲು ಉಳುಕಿತು. ತರಬೇತುದಾರರು ಹೊರಗೆ ಕರೆದರು. ಇವಳು ಕುಂಟುತ್ತಾ ಬೆಂಚಿಗೆ ಹೋದಳು. ನನ್ನ ನಿಷ್ಠಾವಂತ ಕ್ಯಾಮೆರಾ ಅಲ್ಲಿಗೂ ಹಿಂಬಾಲಿಸಿತು. ಇವಳು ಬಾಟಲಿಯೆತ್ತಿ ಗಟಗಟನೆ ನೀರು ಕುಡಿಯುತ್ತಿರುವಾಗಲೇ ಮೈದಾನವೆಲ್ಲ ಭೋರ್ಗರೆಯಿತು: "ಹದಿನೈದು–ಹದಿಮೂರು! ಪಂದ್ಯ!"

ಕೊನೆಯ ಪಾಯಿಂಟಿನ ಕ್ಷಣದಲ್ಲಿ ನನ್ನ ಹೆಂಡತಿ ಬೆಂಚಿನ ಮೇಲಿದ್ದಳು ಎಂಬುದಕ್ಕೆ ನಾನೇ ಸ್ವಹಸ್ತದಿಂದ ಸಾಕ್ಷಿ ಒದಗಿಸಿದ್ದೆ!

ಅಳುತ್ತಾಳೇನೋ ಎಂದು ನನ್ನ ಜೀವ ಬಾಯಿಗೆ ಬಂತು. ಆದರೆ ಅವಳು ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಒಂದೇ ಒಂದು ಸಲ ಬೇರೆ ಯಾರ ಮುಖಾನಾದ್ರೂ ತೋರ್ಸಿದ್ರೆ ನಾನು ಬಚಾವಾಗ್ತಿದ್ದೆ ಕಣ್ರೀ!"

ಕ್ಯಾಪ್ಟನ್ ಅವಳ ಹೆಗಲು ಬಳಸಿದಳು. "ಬೇಜಾರ್ ಮಾಡ್ಕೋಬೇಡ ಕಣೇ. ಪಾಯಿಂಟ್ ನನಗೆ ಸಿಕ್ತು. ಆದ್ರೆ ನಿನಗೆ ಇಂಥ ಗಂಡ ಸಿಕ್ಕಿದ್ರು!"

ನಾನು ಮೆಲ್ಲಗೆ ಅಂಗಿಯ ಕಾಲರು ಸರಿಪಡಿಸಿಕೊಂಡೆ. ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕ್ಯಾಪ್ಟನ್ ಕಡೆ ತಿರುಗಿದಳು.

"ಅದಲು ಬದಲು ಮಾಡ್ಕೊಳ್ಳೋಣ್ವಾ?"

ಕ್ಯಾಪ್ಟನ್ನೂ ನನ್ನನ್ನು ದಿಟ್ಟಿಸಿದಳು. ವೈರುಗಳ ಗಂಟು, ಮೂಲೆಯಲ್ಲಿದ್ದ ರಿಬ್ಬನ್ನಿನ ಗೊಂಚಲು, ಎಲ್ಲವನ್ನೂ ಒಮ್ಮೆ ನೋಡಿದಳು. ಆಮೇಲೆ ಗೆಳತಿಯ ಕೈ ಹಿಡಿದು ಕುಲುಕಿದಳು.

"ಬೇಡಮ್ಮಾ ತಾಯಿ. ಪಾಯಿಂಟು ನಿನ್ನದೇ, ಪುಕ್ಕಟೆಯಾಗೇ ಇಟ್ಕೊಂಡುಬಿಡು!"