ಭಾವನ ಅಲೆಗಳ ಸೂಚಿ

ನನ್ನ ಭಾವನಿಗೆ ಸಮುದ್ರದ ಮೇಲೆ ನಂಬಿಕೆಯಿಲ್ಲ, ಸಮುದ್ರದ ಫೈಲಿನ ಮೇಲೆ ಮಾತ್ರ ನಂಬಿಕೆ! ಅಕ್ಕನ ಗಂಡನನ್ನು ಹೀಗೆ ಆಡಿಕೊಳ್ಳಬಾರದು, ನಿಜ. ಆದರೆ ಅಬುಧಾಬಿಯ ಕಡಲದಂಡೆಯ ಕಾರ್ನಿಶ್‌ನಲ್ಲಿ ಚಾಪೆ ಹಾಸಿ ಬುತ್ತಿ ಬಿಚ್ಚುವ ಹೊತ್ತಿಗೆ, ಲ್ಯಾಪ್‌ಟಾಪ್ ತೆರೆದು ಅಲೆ ಎಷ್ಟು ಎತ್ತರವಿದೆಯೆಂದು ನೋಡುವವರನ್ನು ಇನ್ನೇನು ಮಾಡುವುದು? "ಪಪ್ಪಾ, ದ ಸೀ ಈಸ್ ರೈಟ್ ದೇರ್," ಎಂದಳು ಅವರ ಮಗಳು. ಭಾವ ತಲೆಯೆತ್ತಲಿಲ್ಲ.

ಕುಂದಾಪುರದ ಕಡೆಯವರು. ಸರಕಿನ ಬಾರ್ಜುಗಳನ್ನು ಎಳೆದೊಯ್ಯುವ ದುಬೈಯ ಟಗ್ ಕಂಪನಿಯೊಂದರಲ್ಲಿ, ದಿನವೂ ಬರುವ ಗಾಳಿ ಮತ್ತು ಅಲೆಗಳ ಮುನ್ಸೂಚನೆಯ ಫೈಲುಗಳನ್ನು ಕ್ಯಾಪ್ಟನ್ನರಿಗೆ ತಲುಪಿಸುವ ಕೆಲಸ. ಅಲ್ ಬರ್ಷಾ ಬಡಾವಣೆಯ ಮನೆಯ ಫ್ರಿಜ್ಜಿನಲ್ಲೂ ಮೀನಿನ ಪೊಟ್ಟಣಗಳ ಮೇಲೆ ಮೀನಿನ ಹೆಸರಿನ ಬದಲು ಅಂದಿನ ಗಾಳಿಯ ದಿಕ್ಕನ್ನು ಬರೆದು ಅಂಟಿಸಿದ್ದರು. ಬಂಗುಡೆ ಎಂದುಕೊಂಡು ಅಕ್ಕ ವಾಯವ್ಯದ ಗಾಳಿಯನ್ನು ನೀರಿಗಿಟ್ಟದ್ದೂ ಉಂಟು!

ಹೀಗಿರುವಾಗ ಅದೇ ಕಂಪನಿಯ, ಭಟ್ಕಳದ ಕ್ಯಾಪ್ಟನ್ ಒಬ್ಬರ ಕೆಲಸಕ್ಕೆ ಕುತ್ತು ಬಂತು. ಬಿರುಗಾಳಿಗೆ ಸಿಕ್ಕಿ, ಅವರು ಎಳೆದೊಯ್ಯುತ್ತಿದ್ದ ಬಾರ್ಜು ಹಗ್ಗ ಹರಿದುಕೊಂಡು ಮರಳಿಗೆ ಹತ್ತಿತ್ತು. ಗಾಳಿಯ ಎಚ್ಚರಿಕೆ ಆರು ಗಂಟೆಯ ಫೈಲಿನಲ್ಲಿದೆ, ನೀವು ಹೊರಟದ್ದು ಬೆಳಿಗ್ಗೆ ಎಂಟಕ್ಕೆ, ಕಂಡೂ ಹೊರಟಿರಿ ಎಂದರು ಮ್ಯಾನೇಜರ್. ಫೈಲಿನ ಗಂಟೆ ಗ್ರೀನಿಚ್ಚಿನದು, ಅಲ್ಲಿಯ ಆರು ಇಲ್ಲಿಯ ಹತ್ತು, ಎಚ್ಚರಿಕೆ ಬರುವಾಗ ಕ್ಯಾಪ್ಟನ್ ಆಗಲೇ ನಡುನೀರಿನಲ್ಲಿದ್ದರು ಎಂದರು ಭಾವ. ಹಾಗಾದರೆ ಅವರು ನೋಡಿ ಹೊರಟ ಹಿಂದಿನ ಫೈಲನ್ನು ತೋರಿಸಿ, ಇಲ್ಲದಿದ್ದರೆ ಖಲಾಸ್, ವೀಸಾ ಕ್ಯಾನ್ಸಲ್ ಎಂದರು ಮ್ಯಾನೇಜರ್.

ತೋರಿಸುವುದು ಎಲ್ಲಿಂದ? ವರ್ಷಗಳ ಫೈಲುಗಳು ಹೆಸರಿನಲ್ಲಿ ತಾರೀಕಿಲ್ಲದೆ ಭಾವನ ಲ್ಯಾಪ್‌ಟಾಪಿನಲ್ಲಿ ಒಂದೇ ಕಡೆ ಗುಡ್ಡೆಬಿದ್ದಿದ್ದವು. ಭಾವ ಸ್ಕ್ರಿಪ್ಟ್ ಬರೆಯಲು ಕುಳಿತರು. ಅಂದರೆ, ಕಂಪ್ಯೂಟರು ತಾನೇ ಪ್ರತಿ ಫೈಲನ್ನೂ ತೆರೆದು, ಯಾವ ದಿನ, ಯಾವ ಗಂಟೆ, ಗಾಳಿ ಎಷ್ಟು, ಅಲೆ ಎಷ್ಟು ಎಂದು ಸೂಚಿ ಮಾಡಿಕೊಡುವಂತೆ ಅದಕ್ಕೆ ಅಪ್ಪಣೆ ಕೊಡುವುದು. ಮೊದಲ ಸಲ ಅದು ಮಗಳ ಹುಟ್ಟುಹಬ್ಬದ ಫೋಟೋಗಳನ್ನೂ ತೆರೆದು, ಇವುಗಳಲ್ಲಿ ಗಾಳಿಯಿಲ್ಲ ಎಂದು ವರದಿ ಕೊಟ್ಟಿತು! ಮರುಸಲ ಅರ್ಧವಷ್ಟೇ ಡೌನ್‌ಲೋಡ್ ಆಗಿದ್ದ ಫೈಲೊಂದಕ್ಕೆ ಎಡವಿ ನಿಂತಿತು. ತಿದ್ದಿದರು. ಮತ್ತೆ ನಿಂತಿತು. ಮತ್ತೆ ತಿದ್ದಿದರು. ಶುಕ್ರವಾರದ ರಜೆಯ ತಿರುಗಾಟ ಬಂದ್, ಟೀವಿ ಬಂದ್. ಕಂಪನಿಯ ಜಗಳ ನಿಮಗೇಕೆ ಎಂದು ನಾನು ಕೇಳಿದರೆ, ಇವನಿಗೆ ಚಾ ಕೊಡು ಎಂದು ಅಕ್ಕನಿಗೆ ಹೇಳಿದರು. ನನ್ನ ಬಾಯಿ ಮುಚ್ಚಿಸಲು ಅದೇ ಅವರ ಉಪಾಯ.

ಕೊನೆಗೂ ಸೂಚಿಯಲ್ಲಿ ಆ ಸಾಲು ಬಂತು. ಆ ದಿನ, ದುಬೈಯ ಬೆಳಗಿನ ನಾಲ್ಕು ಗಂಟೆಯ ಫೈಲು: ಗಾಳಿ ಮಂದ, ಅಲೆ ಸಣ್ಣದು. ಮ್ಯಾನೇಜರ್ ಎರಡೆರಡು ಸಲ ಓದಿ ಒಪ್ಪಿಕೊಂಡರು. ಕ್ಯಾಪ್ಟನ್ ಮತ್ತೆ ಟಗ್ ಹತ್ತಿದರು. ಅದಕ್ಕೂ ಮೊದಲು ದೊಡ್ಡ ಪಾತ್ರೆ ತುಂಬ ಬಿರಿಯಾನಿ ಹೊತ್ತು ಮನೆಗೇ ಬಂದು, ಭಾವನ ಎರಡೂ ಕೈ ಹಿಡಿದುಕೊಂಡರು.

ಅವರು ಹೋದ ಮೇಲೆ ನಾನು ಬಿಡಲಿಲ್ಲ. "ಒಬ್ಬ ಕ್ಯಾಪ್ಟನ್‌ಗೋಸ್ಕರ ಇಷ್ಟು ಹಟವಾ ಭಾವ?"

ಭಾವ ಲ್ಯಾಪ್‌ಟಾಪ್ ಮುಚ್ಚಿದರು.

"ನಮ್ ಅಪ್ಪಯ್ಯ ದೋಣಿ ತಕಂಡ್ ಹೋದವ್ರ್ ವಾಪಾಸ್ ಬರ್ಲಿಲ್ಲ ಮಾರಾಯ. ಗಾಳಿ ಕಂಡೂ ಹೊರಟ್ರ್ ಅಂತ ಊರೆಲ್ಲ ಹೇಳ್ತ್. ಅವ್ರ್ ಹೊರಡುವಾಗ ಗಾಳಿ ಇರ್ಲಿಲ್ಲ. ನಾನೇ ದಡದಲ್ ನಿಂತಿದ್ದೆ. ಸಣ್ಣ ಮಕ್ಳ್ ಮಾತ್ ಯಾರ್ ನಂಬ್ತ್ರ್?"

ಅಕ್ಕ ಭಾವನ ಪಕ್ಕಕ್ಕೆ ಬಂದು ಕುಳಿತಳು.